ತೊಲೆ ಮೇಲಿನ ಧೂಳು ಗುಡಿಸೋರು ಯಾರು?

ರಬ್ಬರ್ ಕಾರ್ಖಾನೆಗೆ ಬೆಂಕಿ ಬಿತ್ತು ಅಂದರೆ ನಾವು ಹೇಳುವ ಕಾರಣ ಎರಡೇ. ಒಂದು ಶಾರ್ಟ್ ಸರ್ಕ್ಯೂಟ್, ಇನ್ನೊಂದು ಯಾರೋ ಎಸೆದ ಬೀಡಿ. ಧೂಳೇ ಕಾರ್ಖಾನೆಯನ್ನು ಹಾರಿಸಿಬಿಡುತ್ತೆ ಅಂದರೆ ನಂಬ್ತೀರಾ?

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕಿನ್‌ಸ್ಟನ್‌ನಲ್ಲಿ ಆದದ್ದು ಇದೇ. ವೆಸ್ಟ್ ಫಾರ್ಮಸ್ಯೂಟಿಕಲ್ ಕಂಪನಿಯ ಆ ಕಾರ್ಖಾನೆಯಲ್ಲಿ ಸಿರಿಂಜಿನೊಳಗೆ ಔಷಧ ತಳ್ಳುವ ರಬ್ಬರ್ ತುಂಡುಗಳು ತಯಾರಾಗುತ್ತಿದ್ದವು. 2003ರ ಜನವರಿ 29ರ ಮಧ್ಯಾಹ್ನ ಅದು ಸಿಡಿಯಿತು. 6 ಜನ ಸತ್ತರು, 38 ಜನ ಗಾಯಗೊಂಡರು.

ಕೊಳಕು ಕಾರ್ಖಾನೆ ಅಂದುಕೊಂಡಿರಾ? ಅಲ್ಲ ಸ್ವಾಮಿ, ಕಣ್ಣಿಗೆ ಕಾಣುವ ನೆಲ, ಯಂತ್ರ ಎಲ್ಲವನ್ನೂ ತಪ್ಪದೆ ಒರೆಸುತ್ತಿದ್ದರು. ಒಂದಕ್ಕೊಂದು ಅಂಟದಿರಲೆಂದು ರಬ್ಬರ್ ಹಾಳೆಯನ್ನು ಪಾಲಿಥೀನ್ ಪುಡಿ ಕಲಸಿದ ನೀರಿನಲ್ಲಿ ಅದ್ದಿ ಫ್ಯಾನ್ ಗಾಳಿಗೆ ಒಣಗಿಸುತ್ತಿದ್ದರು. ನುಣ್ಣನೆಯ ಪುಡಿ ಮೇಲೇರಿ ತೂಗುಚಾವಣಿಯ ಮೇಲೆ ಕೂತಿತು. ರಿಪೇರಿ ಕೆಲಸದವರು ಅದನ್ನು ಕಂಡಿದ್ದರು, ಆದರೆ ಅದು ಸಿಡಿಯುತ್ತೆ ಅಂತ ಅವರಿಗೆ ಹೇಳಿದವರಿಲ್ಲ. ಕಾರ್ಮಿಕ ಸುರಕ್ಷತೆಯವರು, ಅಗ್ನಿಶಾಮಕದವರು, ವಿಮೆಯವರು ಎಲ್ಲ ಬಂದು ಹೋಗಿದ್ದರು. ಒಬ್ಬರೂ ಧೂಳಿನ ಅಪಾಯವನ್ನು ಗುರುತಿಸಲಿಲ್ಲ. ಮೊದಲ ಕಿಡಿ ಎಲ್ಲಿಂದ ಬಂತೆಂಬುದು ತನಿಖೆಯಲ್ಲೂ ತಿಳಿಯಲಿಲ್ಲ, ಕಟ್ಟಡವೇ ಅಷ್ಟು ಹಾಳಾಗಿತ್ತು.

ರಾಶಿ ಬಿದ್ದ ಧೂಳು ಮೆಲ್ಲಗೆ ಉರಿಯುತ್ತೆ. ಅದೇ ಧೂಳು ಮುಚ್ಚಿದ ಜಾಗದಲ್ಲಿ ಗಾಳಿಗೆ ಎದ್ದು ಕಿಡಿ ತಾಗಿದರೆ ಮದ್ದಿನಂತೆ ಸಿಡಿಯುತ್ತೆ. ಮೊದಲ ಸಣ್ಣ ಸಿಡಿತ ತೊಲೆಯ ಮೇಲಿದ್ದ ಮಿಕ್ಕ ಧೂಳನ್ನು ಕೊಡವಿ ಇಳಿಸುತ್ತೆ. ಕೊಲ್ಲುವುದು ಎರಡನೆಯದು.

ಅಮೆರಿಕದ ಕತೆ ನಮಗ್ಯಾಕೆ ಅಂತೀರಾ? ನೀವು ದಿನಾ ಹತ್ತುವ ಬಸ್ಸಿನ ಟೈರು ಸವೆದರೆ ಹೋಗುವುದು ರೀಟ್ರೆಡ್ಡಿಂಗಿಗೆ. ಅಲ್ಲಿ ಹಳೇ ಟೈರನ್ನು ಉಜ್ಜಿದಾಗ ರಬ್ಬರ್ ಪುಡಿ ಹಾರುತ್ತೆ. ಪಕ್ಕದಲ್ಲೇ ಬೇಗ ಆವಿಯಾಗಿ ಬೆಂಕಿ ಹಿಡಿಯುವ ಸಲ್ಯೂಷನ್ ಡಬ್ಬ. ಅದರಾಚೆ ಟೈರು ಬೇಯಿಸುವ ಬಿಸಿ. ಇಷ್ಟೂ ಒಂದೇ ಶೆಡ್ಡಿನೊಳಗೆ, ಒಂದೇ ಬಾಗಿಲಿಟ್ಟುಕೊಂಡು ನಡೆದರೆ ಗತಿಯೇನು?

ಕಾನೂನು ಇರಲಿಲ್ಲ ಅನ್ನೋ ಹಾಗಿಲ್ಲ. ಸಿಡಿಯುವ ಧೂಳಿನ ಬಗ್ಗೆ 1948ರ ಫ್ಯಾಕ್ಟರಿ ಕಾಯ್ದೆಯ 37ನೇ ಸೆಕ್ಷನ್ನಿನಲ್ಲೇ ಬರೆದಿಟ್ಟಿದ್ದರು. ಬರೆದದ್ದು ಶೆಡ್ಡಿನ ತೊಲೆವರೆಗೆ ಏರಬೇಕಲ್ಲ!

ಗುಡಿಸಲು ಹುಡುಗರಿದ್ದಾರೆ ಅಂತ ಮಾಲೀಕರು ಹೇಳಬಹುದು. ಟೈರಿನ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಯಾವ ಹುಡುಗ ಕೆಲಸ ಬಿಟ್ಟು ಏಣಿ ಹತ್ತುತ್ತಾನೆ? ಗುಡಿಸುವ ಹೊತ್ತಿಗೂ ಕೂಲಿ ಕೊಡಿ. ಯಂತ್ರ ನಿಲ್ಲಿಸಿ ಒದ್ದೆ ಬಟ್ಟೆಯಲ್ಲಿ ಒರೆಸಲಿ. ಕಂಪ್ರೆಸರ್ ಗಾಳಿ ಹೊಡೆದು ಧೂಳೆಬ್ಬಿಸುವ ಚಾಳಿ ಮೊದಲು ನಿಲ್ಲಲಿ. ಸಲ್ಯೂಷನ್ ದಿನಕ್ಕೆ ಬೇಕಾದಷ್ಟೇ ಒಳಗಿರಲಿ, ಡಬ್ಬಕ್ಕೆ ಮುಚ್ಚಳವಿರಲಿ. ಎರಡನೇ ಬಾಗಿಲು ಮಾಡಿಸಿ, ಅದಕ್ಕೆ ಬೀಗ ಹಾಕಬೇಡಿ.

ಇನ್ನು ತಪಾಸಣೆಗೆ ಬರುವ ಸಾಹೇಬರಿಗೆ ಒಂದು ಮಾತು. ಗೋಡೆಗೆ ನೇತುಹಾಕಿದ ಕೆಂಪು ಸಿಲಿಂಡರ್ ಎಣಿಸಿ ರುಜು ಹಾಕಿದರೆ ಸಾಲದು, ಏಣಿ ತರಿಸಿ ತೊಲೆ ಮೇಲೆ ಕೈಯಾಡಿಸಿ ನೋಡಿ. ಪಕ್ಕದ ಅಂಗಡಿಯವರೂ ಕೇಳಲಿ. ಬೆಂಕಿ ಬಿದ್ದರೆ ಆ ಕರಿಹೊಗೆ ಶೆಡ್ಡಿನ ಗೋಡೆಯೊಳಗೇ ನಿಲ್ಲೋದಿಲ್ಲ.