ಟ್ಯಾಂಕರಿನ ಹಿಂದಿರುವ ನಂಬರಿಗೆ ಒಮ್ಮೆ ಫೋನ್ ಮಾಡಿ ನೋಡಿ

ಕರ್ನಾಟಕ ಸರ್ಕಾರದ ಸಾರಿಗೆ ಆಯುಕ್ತರಿಗೆ,

ಮಾನ್ಯರೇ,

ನೆಲ್ಯಾಡಿಯ ಹತ್ತಿರ, ರಾಷ್ಟ್ರೀಯ ಹೆದ್ದಾರಿ 75ರ ಬದಿಯಲ್ಲಿ ನನ್ನದೊಂದು ಸಣ್ಣ ಹೋಟೆಲ್ ಇದೆ. ಮಂಗಳೂರಿನಲ್ಲಿ ಗ್ಯಾಸ್ ತುಂಬಿಸಿಕೊಂಡ ಬುಲೆಟ್ ಟ್ಯಾಂಕರ್‌ಗಳು ಶಿರಾಡಿ ಘಾಟಿ ಹತ್ತುವ ಮೊದಲು ಇಲ್ಲಿ ನಿಲ್ಲುತ್ತವೆ. ಚಾಲಕರಲ್ಲಿ ಬಹಳ ಮಂದಿ ತಮಿಳುನಾಡಿನ ನಾಮಕ್ಕಲ್ ಕಡೆಯವರು. ಇಪ್ಪತ್ತು ವರ್ಷಗಳಿಂದ ಅವರಿಗೆ ಚಹಾ ಕೊಟ್ಟಿದ್ದೇನೆ, ಅವರ ಮನೆಯ ಕಷ್ಟಸುಖ ಕೇಳಿದ್ದೇನೆ. ಅವರ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ಅಂಥದೇ ಒಂದು ಟ್ಯಾಂಕರ್ ನಮ್ಮ ಎದುರು ನಿಂತಿತ್ತು. ಇಳಿದ ಚಾಲಕ ಹಿಂದಕ್ಕೆ ಹೋಗಿ ನೋಡಿದವನೇ ಎರಡೂ ಕೈ ಎತ್ತಿ "ಅಕ್ಕಾ, ಅಡುಪ್ಪು! ಅಡುಪ್ಪು!" ಎಂದು ಕೂಗಿದ. ಅಡುಪ್ಪು ಅಂದರೆ ಒಲೆ. ವಾಲ್ವಿನ ಹತ್ತಿರ ಬಿಳಿ ಹೊಗೆಯ ಹಾಗೆ ಏನೋ ಏಳುತ್ತಿತ್ತು, ಕಬ್ಬಿಣದ ಮೇಲೆ ಮಂಜು ಕಟ್ಟಿತ್ತು. ನಾನು ಸೌದೆ ಒಲೆಗೆ ಕೊಡ ನೀರು ಸುರಿದೆ. ಲೈಟ್ ಆರಿಸಬೇಕೋ ಬಿಡಬೇಕೋ ಗೊತ್ತಾಗಲಿಲ್ಲ. ಸ್ವಿಚ್ ಒತ್ತಿದರೂ ಕಿಡಿ ಹಾರಬಹುದು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಪಕ್ಕದ ಅಂಗಡಿಯ ಹುಡುಗ ಬೈಕ್ ಸ್ಟಾರ್ಟ್ ಮಾಡಲು ಕಾಲೆತ್ತಿದ್ದ, ನನ್ನ ತಮ್ಮ ಹೋಗಿ ಅವನ ಕೈ ಹಿಡಿದು ನಿಲ್ಲಿಸಿದ.

ಟ್ಯಾಂಕರಿನ ಹಿಂದೆ ಹಲಗೆ ಇತ್ತು. ನಾಲ್ಕು ಪಥದ ಕಾಮಗಾರಿಯ ಕೆಂಪು ಕೆಸರು ಅದರ ಮೇಲೆ ಬೆರಳು ದಪ್ಪ ಕೂತಿತ್ತು. ಮೇಜು ಒರೆಸುವ ಒದ್ದೆ ಬಟ್ಟೆ ಹಿಡಿದು ಹೋಗಿ ಒರೆಸಿದೆ. ಹಾಗೆ ಹತ್ತಿರ ಹೋದದ್ದು ತಪ್ಪು, ಜೀವವೇ ಹೋಗಬಹುದಿತ್ತು. ಆದರೆ ದೂರದಿಂದ ಒಂದಕ್ಷರವೂ ಕಾಣುತ್ತಿರಲಿಲ್ಲ. ಎರಡು ಫೋನ್ ನಂಬರ್ ಇದ್ದವು. ಒಂದರ ಕೊನೆಯ ಎರಡು ಅಂಕಿಯ ಬಣ್ಣ ಎದ್ದುಹೋಗಿತ್ತು. ಇನ್ನೊಂದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು, ಗಾಳಿ ಬೀಸಿ ಬರುವ ಕಡೆಗೆ ಓಡಿ, ಗುಡ್ಡದ ತಿರುವು ದಾಟಿದ ಮೇಲೆ ಫೋನ್ ಮಾಡಿದೆ. ಆ ನಂಬರ್ ಚಾಲ್ತಿಯಲ್ಲಿಲ್ಲ ಎಂಬ ಉತ್ತರ ಬಂತು. ಆಮೇಲೆ 112ಕ್ಕೆ ಹೇಳಿದ್ದಾಯಿತು. ಪುತ್ತೂರಿನಿಂದ ಅಗ್ನಿಶಾಮಕದವರು ಬರುವಷ್ಟರಲ್ಲಿ ಆ ಚಾಲಕನೇ ಹೇಗೋ ವಾಲ್ವ್ ಬಿಗಿ ಮಾಡಿದ್ದ. ಅವತ್ತು ನಾವು ಉಳಿದದ್ದು ಅವನ ಕೈಗುಣದಿಂದ, ಮಳೆಯಿಂದ.

ಪೆರ್ನೆ ಇಲ್ಲಿಂದ ದೂರವಿಲ್ಲ ಸ್ವಾಮಿ. 2013ರ ಏಪ್ರಿಲ್ 9ರಂದು ಅಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ, ರಸ್ತೆ ಬದಿಯ ಮನೆಗಳಲ್ಲಿದ್ದ ಜನ ಸುಟ್ಟುಹೋದರು. ಅದರ ಹಿಂದಿನ ವರ್ಷ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲದಲ್ಲಿ 20 ಮಂದಿ ತೀರಿಕೊಂಡರು. ಆ ಗಾಡಿ ಹೊರಟದ್ದೂ ಮಂಗಳೂರಿನಿಂದಲೇ. ಈ ಗ್ಯಾಸ್ ಗಾಳಿಗಿಂತ ಭಾರ. ಮೇಲೆ ಹಾರಿಹೋಗುವುದಿಲ್ಲ, ನೀರಿನ ಹಾಗೆ ಚರಂಡಿ, ಬಾವಿ, ತಗ್ಗಿನ ಅಂಗಳ ಹುಡುಕಿಕೊಂಡು ಹೋಗುತ್ತದೆ. ನಮ್ಮ ಕಡೆ ಮನೆಗಳಿರುವುದು ರಸ್ತೆಯಿಂದ ಕೆಳಗೆ.

ಆ ಸಂಜೆಯ ನಂತರ ನನ್ನ ಅಣ್ಣನ ಮಗ 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ಪ್ರಿಂಟ್ ತೆಗೆದು ತಂದುಕೊಟ್ಟ. 129ರಿಂದ 137ರವರೆಗಿನ ನಿಯಮಗಳನ್ನು ಅವನ ಜತೆ ಕೂತು ಓದಿದೆ. ಬರೆದವರು ಒಳ್ಳೆಯ ಮನಸ್ಸಿನಿಂದ ಬರೆದಿದ್ದಾರೆ. ತುರ್ತು ಮಾಹಿತಿಯ ಹಲಗೆ ಗಾಡಿಯ ಮೂರು ಕಡೆ ಇರಬೇಕು, ಸರಕಿನ ಹೆಸರು 50 ಮಿಲಿಮೀಟರ್‌ಗೆ ಕಡಿಮೆಯಿಲ್ಲದ ಅಕ್ಷರದಲ್ಲಿರಬೇಕು, ವಿಶ್ವಸಂಸ್ಥೆಯ ಸಂಖ್ಯೆ 100 ಮಿಲಿಮೀಟರ್ ಎತ್ತರದಲ್ಲಿರಬೇಕು. ಅಷ್ಟು ದೊಡ್ಡದಾಗಿ ಬರೆಯಿರಿ ಎಂದದ್ದು ಯಾರೂ ಒದ್ದೆ ಬಟ್ಟೆ ಹಿಡಿದು ಹತ್ತಿರ ಹೋಗದಿರಲಿ ಎಂದೇ ಅಲ್ಲವೇ? ಆ ಸಂಖ್ಯೆ ಅಡುಗೆ ಅನಿಲಕ್ಕೆ 1075, ಪೆಟ್ರೋಲಿಗೆ 1203, ಸಲ್ಫ್ಯೂರಿಕ್ ಆಸಿಡ್‌ಗೆ 1830, ಕ್ಲೋರಿನ್‌ಗೆ 1017. ಟ್ಯಾಂಕರ್ ಮಗುಚಿದಾಗ ನಮ್ಮ ಹುಡುಗರು ಮೊದಲು ಮಾಡುವುದು ಕೊಡ ಹಿಡಿದು ಓಡುವುದು. ಉರಿಯುವ ಪೆಟ್ರೋಲಿಗೆ ನೀರು ಹಾಕಿದರೆ ಬೆಂಕಿ ತೇಲಿಕೊಂಡು ಹರಡುತ್ತದೆ. ಆಸಿಡ್‌ಗೆ ಹಾಕಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಆ ನಾಲ್ಕು ಅಂಕಿ ಓದಲು ಬಂದರೆ ಊರಿನ ಮಕ್ಕಳು ಉಳಿಯುತ್ತಾರೆ.

ಚಾಲಕನ ಕ್ಯಾಬಿನ್ನಿನಲ್ಲಿ ಟ್ರೆಮ್ ಕಾರ್ಡ್ ಇರಬೇಕು ಎಂದೂ ನಿಯಮ. ಅಪಘಾತವಾದರೆ ಏನು ಮಾಡಬೇಕು ಎಂಬುದು ಅದರಲ್ಲಿರುತ್ತದೆ. ಆ ಸಂಜೆ ವಾಲ್ವ್ ಬಿಗಿ ಮಾಡಿದ ಮೇಲೆ ಆ ಚಾಲಕ ತನ್ನ ಕಾರ್ಡನ್ನು ಸೀಟಿನಡಿಯಿಂದ ತೆಗೆದು ತೋರಿಸಿದ್ದ. ಪ್ಲಾಸ್ಟಿಕ್ ಕವರಿನೊಳಗೆ ಮಡಿಕೆ ಕೂಡ ಮುರಿಯದ ಕಾಗದ, ತುಂಬಾ ಇಂಗ್ಲಿಷ್. ಅವನಿಗೆ ತಮಿಳು ಚೆನ್ನಾಗಿ ಓದಲು ಬರುತ್ತದೆ. ಚಾಲಕನಿಗೆ ಒಂದು ಭಾರತೀಯ ಭಾಷೆಯ ಜತೆ ಇಂಗ್ಲಿಷ್ ಓದು ಬರಹ ಬರಬೇಕು, ಮೂರು ದಿನದ ತರಬೇತಿ ಆಗಿರಬೇಕು ಎಂದು 9ನೇ ನಿಯಮ ಹೇಳುತ್ತದೆ. ತರಬೇತಿಯ ಸರ್ಟಿಫಿಕೇಟ್ ಅವನ ಹತ್ತಿರ ಇತ್ತು.

ನಾಮಕ್ಕಲ್‌ನಲ್ಲಿ ಎಫ್‌ಸಿ ಆದ ಗಾಡಿಗೆ ನಾವೇನು ಮಾಡಲಾದೀತು ಎಂದು ನಿಮ್ಮ ಇಲಾಖೆಯವರು ಹೇಳಬಹುದು. ಆದರೆ ಲೋಡ್ ಆಗುವುದು ನಮ್ಮ ಜಿಲ್ಲೆಯಲ್ಲಿ. ಸರಕು ಕಳುಹಿಸುವವರ ಜವಾಬ್ದಾರಿ ಏನೆಂದು 131ನೇ ನಿಯಮದಲ್ಲಿದೆ. ಲೋಡಿಂಗ್ ಗೇಟಿನಲ್ಲಿ ಹಲಗೆ ತೊಳೆಸಿ ಬಿಡಲು ಒಂದು ಬಕೆಟ್ ನೀರು ಸಾಕು. ನಾವು ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವ ನಿಮ್ಮ ಅಧಿಕಾರಿಗಳು ರಸ್ತೆಯಲ್ಲಿ ಗಾಡಿ ತಡೆದಾಗ ಆರ್‌ಸಿ, ಪರ್ಮಿಟ್, ಇನ್ಶೂರೆನ್ಸ್ ನೋಡುತ್ತಾರೆ. ಅದರ ಜತೆಗೆ ಹಲಗೆಯ ಮೇಲಿನ ನಂಬರಿಗೆ ಅಲ್ಲೇ ಕರೆ ಮಾಡಲಿ. ಯಾರೂ ಎತ್ತದಿದ್ದರೆ ಗಾಡಿ ಮುಂದೆ ಹೋಗಬಾರದು. ಹಲಗೆಯ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಸಿ: ಇದು ಏನು, ಎಷ್ಟು ದೂರ ಓಡಬೇಕು. ಚಾಲಕನಿಗೆ ಕಾರ್ಡನ್ನು ಅವನ ಭಾಷೆಯಲ್ಲಿ ಕೊಡಿಸಿ. ಹೆದ್ದಾರಿ ಬದಿಯ ಪ್ರತಿ ಪಂಚಾಯಿತಿಗೆ, ಶಾಲೆಗೆ ಆ ಅಂಕಿಗಳ ಒಂದು ಪಟ್ಟಿ ಕಳುಹಿಸಿ.

ನಮ್ಮ ಹೋಟೆಲಿನ ಗೋಡೆಯ ಮೇಲೆ ನಾನೇ ಬಣ್ಣದಲ್ಲಿ ಬರೆಸಿದ್ದೇನೆ: 1075 ಅಂದರೆ ಗ್ಯಾಸ್, ಒಲೆ ಆರಿಸಿ, ಸ್ವಿಚ್ ಮುಟ್ಟಬೇಡಿ, ಗಾಳಿ ಬರುವ ಕಡೆಗೆ ಓಡಿ, ದೂರ ಹೋದ ಮೇಲೆ 1906ಕ್ಕೆ ಫೋನ್ ಮಾಡಿ. ಮಂಗಳೂರಿಗೆ ಹೋಗುವಾಗ ನೀವು ಈ ದಾರಿಯಲ್ಲೇ ಬರುತ್ತೀರಿ. ಹತ್ತು ನಿಮಿಷ ನಮ್ಮಲ್ಲಿ ನಿಲ್ಲಿಸಿ. ಎದುರಿಗೆ ಯಾವುದಾದರೂ ಒಂದು ಟ್ಯಾಂಕರ್ ನಿಂತೇ ಇರುತ್ತದೆ. ಅದರ ಹಿಂದಿನ ನಂಬರಿಗೆ ನಿಮ್ಮ ಫೋನಿನಿಂದಲೇ ಒಮ್ಮೆ ಕರೆ ಮಾಡಿ.

ಇತಿ,
ಹೆದ್ದಾರಿ ಬದಿಯ ಒಬ್ಬ ಹೋಟೆಲಿನಾಕೆ