ನಾಮಿನಿಗಲ್ಲ, ಮಕ್ಕಳಿಗೆ

ಖಾಸಗಿ ನೌಕರ ತೀರಿಕೊಂಡರೆ ಪಿಂಚಣಿ ನಾಮಿನಿಯ ಪಾಲು ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಇದು ತಪ್ಪು, ನಂಬಿದ ಮಕ್ಕಳು ಹಕ್ಕು ಕೇಳದೆ ಸುಮ್ಮನಿದ್ದುಬಿಡುತ್ತಾರೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಸಂಗಾತಿ, ಅರ್ಹ ಮಕ್ಕಳು ಇರುವಾಗ ಹೊರಗಿನ ನಾಮಿನಿಗೆ ಜಾಗವೇ ಇಲ್ಲ. ವಿಧವೆಯ ಪಿಂಚಣಿಯ ಜೊತೆಗೇ 25 ವರ್ಷದೊಳಗಿನ ಮಕ್ಕಳಿಗೆ, ಒಮ್ಮೆಗೆ ಇಬ್ಬರಿಗೆ, ಅದರ ಕಾಲು ಭಾಗ ತಲಾ ಸಿಗಬೇಕು. ತಾಯಿಯೂ ಇಲ್ಲವಾದರೆ ಮುಕ್ಕಾಲು ಭಾಗ. ಪೂರ್ಣ ಅಂಗವೈಕಲ್ಯವಿದ್ದರೆ ಬದುಕಿರುವವರೆಗೂ.

ಸಿಟ್ಟು ಬರಬೇಕಾದದ್ದು ಬೇರೆ ಕಡೆ. 2014ರಲ್ಲಿ ಅನಾಥ ಮಗುವಿಗೆ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 750 ರೂಪಾಯಿ. ದುಡಿದು ಸತ್ತ ಅಪ್ಪನ ಹೆಸರಲ್ಲಿ ಕೊಡುವ ಈ ಹಣದಲ್ಲಿ ಒಂದು ಮಗುವಿನ ಊಟವೂ ನಡೆಯದು. ಲೇಖಕರು ಅದನ್ನು ಪ್ರಶ್ನಿಸಲಿ.