ಬೆಲ್ಟು ಹೊಸದು, ಪುಲ್ಲಿ ಹಳೆಯದು

ಕಾರಿನ ಬೆಲ್ಟಿನ ವಿಷಯದಲ್ಲಿ ನಮ್ಮ ಸದಸ್ಯ ಕುಟುಂಬಗಳೊಡನೆ ನನಗೊಂದು ತಕರಾರಿದೆ. ಬೆಲ್ಟು ಸವೆದಿದೆಯೆಂದು ಗ್ಯಾರೇಜಿನವನು ಹೇಳಿದರೆ ಒಪ್ಪುತ್ತೇವೆ. ಅದರ ಜೊತೆಗೆ ಟೆನ್ಷನರನ್ನೂ ಐಡ್ಲರ್ ಪುಲ್ಲಿಯನ್ನೂ ಬದಲಿಸಬೇಕೆಂದರೆ, ‘ಇವನು ನಮ್ಮನ್ನು ಸುಲಿಯಲು ಕೂತಿದ್ದಾನೆ’ ಎಂದುಕೊಂಡು ಬೆಲ್ಟು ಮಾತ್ರ ಹಾಕಿಸಿಕೊಂಡು ಬರುತ್ತೇವೆ. ಸುಲಿಯುವವರು ಇಲ್ಲವೆಂದಲ್ಲ. ಆದರೆ ಈ ಒಂದು ವಿಷಯದಲ್ಲಿ ಅವನ ಮಾತು ಬಹುಮಟ್ಟಿಗೆ ಸರಿ ಎಂಬುದು ನನ್ನ ಅಭಿಪ್ರಾಯ. ನಾನು ಮೆಕ್ಯಾನಿಕ್ ಅಲ್ಲ, ರಸಾಯನಶಾಸ್ತ್ರದವನು. ಆದರೆ ಬೆಲ್ಟು ರಬ್ಬರಿನದು, ರಬ್ಬರು ನಮ್ಮ ಪಂಗಡಕ್ಕೆ ಸೇರಿದ್ದು.

ಹಿಂದಿನ ಕಾರುಗಳಲ್ಲಿ ಒಂದೊಂದು ಯಂತ್ರಭಾಗಕ್ಕೆ ಒಂದೊಂದು ವಿ-ಬೆಲ್ಟು ಇರುತ್ತಿತ್ತು. 1979ರ ಫೋರ್ಡ್ ಮಸ್ಟಾಂಗಿನಿಂದೀಚೆಗೆ ಒಂದೇ ಉದ್ದನೆಯ ಬೆಲ್ಟು ಹಾವಿನಂತೆ ಎಲ್ಲ ಪುಲ್ಲಿಗಳನ್ನೂ ಸುತ್ತಿಬರುವ ಪದ್ಧತಿ ಹರಡಿತು. ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಒಂದೇ ಮೋಟಾರಿನಿಂದ ರಾಗಿ, ಅಕ್ಕಿ, ಮೆಣಸಿನಕಾಯಿ ಎಲ್ಲವೂ ಪುಡಿಯಾಗುತ್ತಿದ್ದುದನ್ನು ಕಂಡವರಿಗೆ ಇದು ಹೊಸದೇನಲ್ಲ. ಅನುಕೂಲದ ಜೊತೆಗೆ ಅಪಾಯವೂ ಅಷ್ಟೇ: ಆ ಒಂದು ಬೆಲ್ಟು ಹೋದರೆ ಆಲ್ಟರ್ನೇಟರು ನಿಲ್ಲುತ್ತದೆ, ಅನೇಕ ಕಾರುಗಳಲ್ಲಿ ನೀರಿನ ಪಂಪು ನಿಂತು ಎಂಜಿನ್ನು ಕಾಯುತ್ತದೆ, ಹಳೆಯ ಮಾದರಿಗಳಲ್ಲಿ ಸ್ಟಿಯರಿಂಗೂ ಕಲ್ಲಾಗುತ್ತದೆ. ಇದನ್ನೆಲ್ಲ ಬಿಗಿಯಾಗಿ ಹಿಡಿದಿರುವುದು ಟೆನ್ಷನರ್ ಎಂಬ ಸ್ಪ್ರಿಂಗಿನ ತೋಳು ಮತ್ತು ಅದರ ತುದಿಯ ಪುಲ್ಲಿ.

ಈಗ ರಬ್ಬರಿನ ಮಾತು. ಮೊದಲು ಬೆಲ್ಟುಗಳನ್ನು ನಿಯೋಪ್ರೀನಿನಿಂದ ಮಾಡುತ್ತಿದ್ದರು. ಅದು ಮುದಿಯಾದಂತೆ ಅಡ್ಡಡ್ಡ ಬಿರುಕು ಬಿಡುತ್ತಿತ್ತು; ಬಿರುಕು ಎಣಿಸಿ ಬೆಲ್ಟಿನ ಆಯುಸ್ಸು ಹೇಳಬಹುದಿತ್ತು. 1990ರ ದಶಕದ ಕೊನೆಯಿಂದ ಬಂದದ್ದು ಇ.ಪಿ.ಡಿ.ಎಂ. ಇದರ ಮೂಲ ಸರಪಣಿಯಲ್ಲಿ ದ್ವಿಬಂಧಗಳಿಲ್ಲ, ಆದ್ದರಿಂದ ಓಝೋನಿಗೆ ಕಚ್ಚಲು ಜಾಗವೇ ಇಲ್ಲ. ಬಿರುಕು ಸುಲಭವಾಗಿ ಕಾಣಿಸುವುದಿಲ್ಲ; ಟೈರು ಸವೆದಂತೆ ಒಳಗಿನ ಗೀರುಗಳು ಸವೆದು ಆಳವಾಗುತ್ತವೆ, ಬೆಲ್ಟು ಪುಲ್ಲಿಯೊಳಕ್ಕೆ ಇಳಿದು ಸಡಿಲವಾಗುತ್ತದೆ. ‘ಬಿರುಕಿಲ್ಲ ಸಾರ್, ಇನ್ನೂ ಎರಡು ವರ್ಷ ಬರುತ್ತೆ’ ಎನ್ನುವವರು ಸತ್ತುಹೋದ ರಬ್ಬರಿನ ಪಂಚಾಂಗ ಓದುತ್ತಿದ್ದಾರೆ. ಇನ್ನೊಂದು ಮಾತು: ಇ.ಪಿ.ಡಿ.ಎಂ.ಗೆ ಎಣ್ಣೆ ಆಗದು, ಎಣ್ಣೆ ಕುಡಿದು ಉಬ್ಬುತ್ತದೆ. ಎಂಜಿನ್ನಿನಿಂದ ಎಣ್ಣೆ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಬೆಲ್ಟು ಕೊಳ್ಳಿ. ಕಿರುಗುಟ್ಟುವ ಬೆಲ್ಟಿಗೆ ಡಬ್ಬಿಯಿಂದ ಸಿಂಪಡಿಸುವ ಅಂಟಿನ ಔಷಧವಂತೂ ದಂಡ. ಸದ್ದು ಅಡಗುತ್ತದೆ, ಕಾರಣ ಉಳಿಯುತ್ತದೆ.

ಬೆಲ್ಟು ಹೀಗೆ ಗಟ್ಟಿಯಾದ ಮೇಲೆ ಮೊದಲು ಸೋಲುವುದು ಎಷ್ಟೋ ವೇಳೆ ಪುಲ್ಲಿಯ ಬೇರಿಂಗು. ಸಣ್ಣದೊಂದು ಲೆಕ್ಕ ನೋಡಿ. ಹೆದ್ದಾರಿಯಲ್ಲಿ ಎಂಜಿನ್ನು ನಿಮಿಷಕ್ಕೆ 2,500 ಸುತ್ತು ತಿರುಗುತ್ತಿದೆ ಎನ್ನೋಣ. ಐಡ್ಲರ್ ಪುಲ್ಲಿಯ ವ್ಯಾಸ ಎಂಜಿನ್ನಿನ ಪುಲ್ಲಿಯ ಅರ್ಧದಷ್ಟಿದ್ದರೆ ಅದು 5,000 ಸುತ್ತು ತಿರುಗಬೇಕು. ಗಂಟೆಗೆ 60 ಮೈಲಿಯಂತೆ 60,000 ಮೈಲಿ ಓಡುವ ಹೊತ್ತಿಗೆ 30 ಕೋಟಿ ಸುತ್ತು! ಅಷ್ಟಕ್ಕೂ ಒಳಗಿರುವುದು ಕಾರ್ಖಾನೆಯಲ್ಲಿ ತುಂಬಿ ಮುಚ್ಚಿದ ಒಂದಿಷ್ಟು ಗ್ರೀಸು. ಮತ್ತೆ ಹಾಕಲು ಬಾಯಿಯಿಲ್ಲ. ಇಂಥ ಪುಲ್ಲಿಯ ಮೇಲೆ ಹೊಸ ಬೆಲ್ಟು ಹಾಕುವುದು ಹಳೇ ಗಡಗಡೆಗೆ ಹೊಸ ಹಗ್ಗ ಕಟ್ಟಿದ ಹಾಗೆ.

ಕಳೆದ ಚಳಿಗಾಲದಲ್ಲಿ ಸಂಕ್ರಾಂತಿ ಕೂಟದಿಂದ ಮರಳುತ್ತಿದ್ದ ನಮ್ಮ ಒಂದು ಸದಸ್ಯ ಕುಟುಂಬಕ್ಕೆ ಆದದ್ದು ಇದೇ. ಬೆಲ್ಟು ಹಾಕಿಸಿ ನಾಲ್ಕು ತಿಂಗಳೂ ಆಗಿರಲಿಲ್ಲ. ಪುಲ್ಲಿ ಬಿಗಿದುಕೊಂಡು ಬೆಲ್ಟು ಹರಿಯಿತು. ಹಿಂದಿನ ಸೀಟಿನಲ್ಲಿ ಊರಿನಿಂದ ಬಂದಿದ್ದ ಅಜ್ಜಿ, ಎರಡು ಮಕ್ಕಳು, ಹೊರಗೆ ಹಿಮ. ಎಳೆದೊಯ್ಯುವ ಲಾರಿ ಬರಲು ಎರಡು ಗಂಟೆ ಹಿಡಿಯಿತು. ಹೀಟರಿಗಾಗಿ ಎಂಜಿನ್ನು ಓಡಿಸುವ ಹಾಗೂ ಇರಲಿಲ್ಲ. ನೂರಾರು ಮೈಲಿ ಹೋಗಿ ಹಬ್ಬ ಮಾಡುವ ನಾವು ಇದನ್ನು ಬರಿಯ ಹಣದ ಲೆಕ್ಕವಾಗಿ ನೋಡಬಾರದು.

ಹಣದ ಲೆಕ್ಕವೇ ಆದರೂ, ಬೆಲ್ಟು ಬಿಚ್ಚುವ ಕೂಲಿಯನ್ನು ಒಮ್ಮೆ ಕೊಟ್ಟಾಗಿದೆ. ಹೆಚ್ಚಿಗೆ ಬೀಳುವುದು ಮುಖ್ಯವಾಗಿ ಸಾಮಾನಿನ ಬೆಲೆ. ಜಾಗ ಸಲೀಸಾಗಿರುವ ಎಂಜಿನ್ನಾದರೆ ಮನೆಯಲ್ಲೇ ಮಾಡಬಹುದು. ಎಂಜಿನ್ನು ತಣ್ಣಗಾದ ಮೇಲೆ ಬ್ಯಾಟರಿಯ ಋಣ ತಂತಿ ತೆಗೆಯಿರಿ. ಬೆಲ್ಟು ಸಾಗುವ ದಾರಿಯ ಫೋಟೋ ತೆಗೆದುಕೊಳ್ಳಿ, ಇದನ್ನು ಮರೆತವರು ಸಂಜೆಯವರೆಗೂ ಒಗಟು ಬಿಡಿಸುತ್ತಾರೆ. ಉದ್ದ ಹಿಡಿಯ ರೆಂಚಿನಿಂದ ಟೆನ್ಷನರನ್ನು ಸ್ಪ್ರಿಂಗಿನ ವಿರುದ್ಧ ತಿರುಗಿಸಿ, ಬೆಲ್ಟು ಜಾರಿಸಿ, ತೋಳನ್ನು ನಿಧಾನವಾಗಿ ಬಿಡಿ, ಬೆರಳು ಜೋಪಾನ. ಕೆಲವು ಪುಲ್ಲಿಗಳ ಬೋಲ್ಟಿಗೆ ಎಡಮರೆ ಇರುತ್ತದೆ, ಕೈಪಿಡಿ ನೋಡದೆ ಬಲ ಹಾಕಬೇಡಿ. ಹೊಸ ಟೆನ್ಷನರಿನ ಹಿಂಭಾಗದ ಗೂಟ ತನ್ನ ರಂಧ್ರದಲ್ಲೇ ಕೂರಬೇಕು. ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಹೇಳಿದಷ್ಟೇ ಬಿಗಿಯಬೇಕು, ಅಲ್ಯೂಮಿನಿಯಮ್ಮಿನ ಮರೆ ಬೇಗ ಕಿತ್ತುಬರುತ್ತದೆ. ಟೆನ್ಷನರೇ ಇಲ್ಲದ, ಹಿಗ್ಗುವ ಬೆಲ್ಟಿನ ಕಾರುಗಳಿಗೆ ಬೇರೆ ಸಲಕರಣೆ ಬೇಕು. ಎಂಜಿನ್ನಿನೊಳಗಿನ ಟೈಮಿಂಗ್ ಬೆಲ್ಟಿನ ತಂಟೆಗಂತೂ ಮನೆಯಲ್ಲಿ ಹೋಗಬೇಡಿ. ಅಲ್ಲಿ ಒಂದು ಹಲ್ಲು ತಪ್ಪಿದರೂ ಕಷ್ಟ.

ಇಪ್ಪತ್ತು ಸಾವಿರ ಮೈಲಿಯ ಪುಲ್ಲಿಯನ್ನೂ ಎಸೆಯಿರೆಂದು ನಾನು ಹೇಳುವುದಿಲ್ಲ. ಅನುಮಾನವಿದ್ದರೆ ಗ್ಯಾರೇಜಿನವನಿಗೆ ಮೊದಲೇ ಹೇಳಿ ಬಿಚ್ಚಿದ ಹಳೆಯ ಪುಲ್ಲಿಯನ್ನು ಕೇಳಿ ಪಡೆಯಿರಿ. ಬೆರಳಿನಿಂದ ತಿರುಗಿಸಿ ನೋಡಿ. ಮರಳು ಅರೆದಂತೆ ಗರಗರ ಎಂದರೂ, ಅಕ್ಕಪಕ್ಕ ಅಲುಗಿದರೂ, ಗ್ರೀಸೆಲ್ಲ ಒಣಗಿ ಬುಗುರಿಯಂತೆ ನಿಲ್ಲದೆ ಸುತ್ತಿದರೂ, ಆ ಬಿಲ್ಲಿನ ಬಗ್ಗೆ ಅವನೊಡನೆ ಜಗಳಕ್ಕೆ ಹೋಗಬೇಡಿ.